ತಂತಿಗೆ ನಿಲುಕದ ಸುದ್ದಿ

1859ರ ಅಕ್ಟೋಬರ್ 26ರ ಬೆಳಗಿನ ಜಾವ ವೇಲ್ಸಿನ ಆಂಗಲ್ಸೀ ದ್ವೀಪದ ಬಂಡೆಗಳಿಗೆ ಬಡಿದು ‘ರಾಯಲ್ ಚಾರ್ಟರ್’ ಎಂಬ ಹಡಗು ಒಡೆದುಹೋಯಿತು. ಆಸ್ಟ್ರೇಲಿಯಾದ ಚಿನ್ನದ ಗಣಿಗಳಲ್ಲಿ ದುಡಿದು, ಗಳಿಸಿದ್ದನ್ನು ಗಂಟು ಕಟ್ಟಿಕೊಂಡು ಮೆಲ್ಬರ್ನಿನಿಂದ ಲಿವರ್‌ಪೂಲಿಗೆ ಮರಳುತ್ತಿದ್ದ ಜನ ಅದರಲ್ಲಿದ್ದರು. ಎರಡು ತಿಂಗಳ ಪ್ರಯಾಣ ಮುಗಿದು ಬಂದರಿಗೆ ಕೆಲವೇ ಗಂಟೆಗಳ ದಾರಿ ಉಳಿದಿತ್ತು. ಸುಮಾರು 450 ಮಂದಿ ಸತ್ತರು. ಬದುಕುಳಿದ ನಲವತ್ತರಷ್ಟು ಜನರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ, ಒಂದು ಮಗುವೂ ಇರಲಿಲ್ಲ. ಅದೇ ಬಿರುಗಾಳಿಗೆ ಬ್ರಿಟನ್ನಿನ ಸುತ್ತಮುತ್ತ 133 ಹಡಗುಗಳು ಹಾಳಾದವು, ಒಟ್ಟು ಎಂಟು ನೂರರಷ್ಟು ಜೀವ ಹೋಯಿತು. ಲಂಡನ್ನಿನಲ್ಲಿ ಕುಳಿತು ಇದರ ಲೆಕ್ಕ ಹಾಕಿದವರು ರಾಬರ್ಟ್ ಫಿಟ್ಜ್‌ರಾಯ್. ಡಾರ್ವಿನ್ನರನ್ನು ಕರೆದೊಯ್ದ ‘ಬೀಗಲ್’ ಹಡಗಿನ ಕಪ್ತಾನರಾಗಿದ್ದ ಅವರು 1854ರಿಂದ ಬ್ರಿಟನ್ನಿನ ಹವಾಮಾನ ವಿಭಾಗದ ಮುಖ್ಯಸ್ಥರು. ಬಂದರುಗಳಿಂದಲೂ ದೀಪಸ್ತಂಭಗಳಿಂದಲೂ ಬಂದ ವಾಯುಭಾರದ ಅಂಕಿಗಳನ್ನೆಲ್ಲ ನಕ್ಷೆಯ ಮೇಲೆ ಹರಡಿ ನೋಡಿದಾಗ ಅವರಿಗೆ ಒಂದು ಸಂಗತಿ ಸ್ಪಷ್ಟವಾಯಿತು: ಬಿರುಗಾಳಿ ಎಲ್ಲ ಕಡೆಗೂ ಒಟ್ಟಿಗೆ ಎರಗಿರಲಿಲ್ಲ, ಊರಿಂದ ಊರಿಗೆ ಹಾದುಹೋಗಿತ್ತು. ಮೊದಲು ಹೊಡೆತ ತಿಂದ ಊರಿನವರು ಮುಂದಿನ ಊರಿಗೆ ತಂತಿ ಕಳಿಸಿದ್ದರೆ ಹಡಗುಗಳನ್ನು ತಡೆದು ನಿಲ್ಲಿಸಬಹುದಿತ್ತು.

1861ರ ಫೆಬ್ರವರಿಯಲ್ಲಿ ಫಿಟ್ಜ್‌ರಾಯ್ ಮೊದಲ ಬಿರುಗಾಳಿ ಎಚ್ಚರಿಕೆ ಹೊರಡಿಸಿದರು. ಲಂಡನ್ನಿನಿಂದ ತಂತಿ ಬಂದೊಡನೆ ಬಂದರಿನ ಕಂಬಕ್ಕೆ ಕ್ಯಾನ್ವಾಸ್ ಬಟ್ಟೆಯ ಶಂಕುವನ್ನೋ ಡ್ರಮ್ಮನ್ನೋ ಏರಿಸುತ್ತಿದ್ದರು. ಶಂಕುವಿನ ತುದಿ ಮೇಲಿದ್ದರೆ ಬಡಗಣ ದಿಕ್ಕಿನ ಬಿರುಗಾಳಿ, ಕೆಳಗಿದ್ದರೆ ತೆಂಕಣ ದಿಕ್ಕಿನದು. ರಾತ್ರಿ ಹೊತ್ತು ಬಟ್ಟೆಯ ಬದಲಿಗೆ ಲಾಂದ್ರಗಳು. ಅದೇ ವರ್ಷದ ಆಗಸ್ಟಿನಲ್ಲಿ ‘ದಿ ಟೈಮ್ಸ್’ ಪತ್ರಿಕೆಯಲ್ಲಿ ದಿನದ ಹವಾಮಾನ ಮುನ್ಸೂಚನೆಯೂ ಅಚ್ಚಾಗತೊಡಗಿತು. ಇಲ್ಲಿಂದ ಮುಂದಿನ ಕಥೆಯನ್ನು ತಂತಿಯ ಕಥೆಯಾಗಿ ಬರೆಯುವುದು ರೂಢಿ: ತಂತಿ ಬಂತು, ಆಮೇಲೆ ರೇಡಿಯೋ, ಆಮೇಲೆ ಉಪಗ್ರಹ, ಕಂಪ್ಯೂಟರ್, ಸುದ್ದಿ ಓಡುವ ವೇಗ ಹೆಚ್ಚಿದಂತೆ ಎಚ್ಚರಿಕೆಯೂ ಸುಧಾರಿಸಿತು ಎಂದು. ಇದು ಅರ್ಧ ಸತ್ಯ. ತಂತಿ ತರುವುದು ಅದರ ಆ ತುದಿಯಲ್ಲಿ ಮನುಷ್ಯನೊಬ್ಬ ಕುಳಿತಿರುವ ಕಡೆಯ ಸುದ್ದಿಯನ್ನು ಮಾತ್ರ. ಚಳಿಗಾಲದ ದೊಡ್ಡ ಬಿರುಗಾಳಿಗಳು ಹುಟ್ಟಿ ಬಲಿಯುವುದು ಮನುಷ್ಯರಿಲ್ಲದ ಕಡೆ, ನಡುಸಮುದ್ರದಲ್ಲಿ, ಧ್ರುವದ ಅಂಚಿನ ಬಯಲಿನಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ನೆಲದಿಂದ ಎಂಟು ಹತ್ತು ಕಿಲೋಮೀಟರ್ ಮೇಲಿನ ಗಾಳಿಯಲ್ಲಿ. ಅಲ್ಲಿಂದ ನೆಲಕ್ಕೆ ತಾನಾಗಿಯೇ ಸುದ್ದಿ ತರುತ್ತಿದ್ದದ್ದು ಒಂದೇ: ಎತ್ತರದ ಮೋಡ. ಅದನ್ನು ಅಳೆದು ಅರ್ಥ ಮಾಡಿಕೊಂಡ ಮೇಲಷ್ಟೇ ಮುನ್ನೆಚ್ಚರಿಕೆ ಬಿರುಗಾಳಿಯ ಬೆನ್ನಟ್ಟುವುದನ್ನು ಬಿಟ್ಟು ಅದಕ್ಕಿಂತ ಮುಂದೆ ಹೋಗಲು ಸಾಧ್ಯವಾಯಿತು ಎಂಬುದು ಈ ಲೇಖನದ ವಾದ.

ಫಿಟ್ಜ್‌ರಾಯ್ ಅವರ ಸೋಲೇ ಇದಕ್ಕೆ ಮೊದಲ ಸಾಕ್ಷಿ. ಬ್ರಿಟನ್ನಿಗೆ ಬಿರುಗಾಳಿ ಬರುವುದು ಹೆಚ್ಚಾಗಿ ಪಶ್ಚಿಮದಿಂದ. ಆ ದಿಕ್ಕಿನಲ್ಲಿ ತಂತಿಯ ಕೊನೆಯ ಠಾಣೆ ಐರ್ಲೆಂಡಿನ ಪಶ್ಚಿಮ ತುದಿಯ ವ್ಯಾಲೆನ್ಶಿಯಾ. ಅದರಾಚೆ ಇದ್ದದ್ದು ಅಟ್ಲಾಂಟಿಕ್ ಸಾಗರ. ವ್ಯಾಲೆನ್ಶಿಯಾದಲ್ಲಿ ವಾಯುಭಾರ ಕುಸಿಯಿತೆಂಬ ತಂತಿ ಲಂಡನ್ನಿಗೆ ಮುಟ್ಟಿ, ಅಲ್ಲಿಂದ ಆದೇಶ ಹೊರಟು, ಬಂದರಿನಲ್ಲಿ ಶಂಕು ಏರುವ ಹೊತ್ತಿಗೆ ಎಷ್ಟೋ ಸಲ ಗಾಳಿಯೂ ಬಂದುಬಿಟ್ಟಿರುತ್ತಿತ್ತು. ಕೆಲವು ಸಲ ಶಂಕು ಏರಿದರೂ ಗಾಳಿ ಬರುತ್ತಿರಲಿಲ್ಲ. ಮೀನುಗಾರಿಕೆಯ ಧಣಿಗಳು ನಷ್ಟವಾಯಿತೆಂದು ಗೊಣಗಿದರು, ಪತ್ರಿಕೆಗಳು ಹಂಗಿಸಿದವು. 1865ರ ಏಪ್ರಿಲ್ 30ರಂದು ಫಿಟ್ಜ್‌ರಾಯ್ ಆತ್ಮಹತ್ಯೆ ಮಾಡಿಕೊಂಡರು. ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಇದ್ದ ವಿಚಾರಣಾ ಸಮಿತಿ, ಈ ಮುನ್ಸೂಚನೆಗಳ ಹಿಂದೆ ಖಚಿತವಾದ ವೈಜ್ಞಾನಿಕ ನಿಯಮಗಳಿಲ್ಲವೆಂದು ಹೇಳಿತು. 1866ರ ಡಿಸೆಂಬರಿನಲ್ಲಿ ಎಚ್ಚರಿಕೆಗಳನ್ನೇ ನಿಲ್ಲಿಸಲಾಯಿತು. ಆಗ ದನಿ ಎತ್ತಿದವರು ಕರಾವಳಿಯ ಜನ. ಹತ್ತರಲ್ಲಿ ಕೆಲವು ತಪ್ಪಾದರೂ ಚಿಂತೆಯಿಲ್ಲ, ಶಂಕು ಬೇಕು ಎಂಬ ಅವರ ಒತ್ತಾಯಕ್ಕೆ ಮಣಿದು 1867ರಲ್ಲಿ ಮತ್ತೆ ಎಚ್ಚರಿಕೆ ಶುರುವಾಯಿತು. ಸಮಿತಿಯ ಮಾತಿನಲ್ಲಿ ಹುರುಳಿರಲಿಲ್ಲವೆಂದು ಹೇಳಲಾಗದು. ಬಿರುಗಾಳಿಯ ಒಳರಚನೆ ಆಗ ಯಾರಿಗೂ ತಿಳಿದಿರಲಿಲ್ಲ. ಆದರೆ ಆ ನಿಯಮಗಳನ್ನು ಹುಡುಕಬೇಕಾದ ಜಾಗ ನೆಲದ ಮೇಲಿನ ಅಂಕಿಗಳ ಪಟ್ಟಿಗಳಲ್ಲಿಲ್ಲ ಎಂಬುದು ಸಮಿತಿಯವರಿಗೂ ಹೊಳೆಯಲಿಲ್ಲ.

ಹೊಳೆದದ್ದು ವಿಲಿಯಂ ಕ್ಲೆಮೆಂಟ್ ಲೇ ಎಂಬ ಹಳ್ಳಿಯ ಪಾದ್ರಿಗೆ. ಮೋಡಗಳಿಗೆ ಆ ಹೊತ್ತಿಗೆ ಹೆಸರುಗಳಿದ್ದವು. 1802ರ ಡಿಸೆಂಬರಿನಲ್ಲಿ ಲಂಡನ್ನಿನ ಔಷಧ ತಯಾರಕ ಲ್ಯೂಕ್ ಹೋವರ್ಡ್ ಒಂದು ಸಣ್ಣ ವಿಜ್ಞಾನ ಕೂಟದಲ್ಲಿ ಓದಿದ ಪ್ರಬಂಧದಿಂದ ಬಂದ ಸಿರಸ್, ಕ್ಯುಮುಲಸ್, ಸ್ಟ್ರೇಟಸ್ ಹೆಸರುಗಳು, ನಮ್ಮ ಪಠ್ಯಪುಸ್ತಕಗಳ ಹಿಮಕಣ ಮೋಡ, ರಾಶಿ ಮೋಡ, ಪದರು ಮೋಡಗಳು. ಎಳೆ ಎಳೆಯಾಗಿ ಬಿಳಿಯಾಗಿ ಬಾನಿನ ತೀರ ಮೇಲೆ ಕಾಣುವ ಸಿರಸ್ ಕೆಟ್ಟ ಹವೆಯ ಮುಂಗಾಮಿ ಎಂದು ನಾವಿಕರು ಶತಮಾನಗಳಿಂದ ನಂಬಿದ್ದರು. ಲೇ ಈ ನಂಬಿಕೆಯನ್ನು ಲೆಕ್ಕಕ್ಕೆ ಒಡ್ಡಿದರು. ವಾಯುಭಾರ ಕುಸಿತದ ಕೇಂದ್ರ ಎಲ್ಲಿತ್ತು, ಆ ಹೊತ್ತಿನಲ್ಲಿ ಸಿರಸ್ ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಸರಿಯುತ್ತಿತ್ತು ಎಂಬುದನ್ನು ವರ್ಷಗಟ್ಟಲೆ ಜೋಡಿಸಿದರು. ಕೆಳಗಿನ ಗಾಳಿ ಸುತ್ತಿಕೊಂಡು ಕೇಂದ್ರದತ್ತ ಒಳಗೆ ಸೇರುತ್ತದೆ. ಮೇಲೆ ಸಿರಸ್ ಕೇಂದ್ರದಿಂದ ಹೊರಕ್ಕೆ, ಅದರಲ್ಲೂ ಬಿರುಗಾಳಿ ಸಾಗುವ ಮುಂದಿನ ದಿಕ್ಕಿಗೆ, ಹರಡಿಕೊಳ್ಳುತ್ತದೆ. ಸ್ವೀಡನ್ನಿನ ಉಪ್ಸಾಲಾದಲ್ಲಿ ಹವಾಮಾನ ವಿಜ್ಞಾನಿ ಹಿಲ್ಡೆಬ್ರಾಂಡ್ಸನ್ ಬೇರೆ ದಾರಿಯಿಂದ ಇದೇ ಫಲಿತಾಂಶಕ್ಕೆ ಬಂದರು. ಹಾಗಿದ್ದ ಮೇಲೆ ಸಿರಸ್ ಬರಿಯ ಶಕುನವಲ್ಲ. ಬಿರುಗಾಳಿ ಒಳಗೆಳೆದುಕೊಂಡ ಗಾಳಿಯನ್ನು ಮೇಲಕ್ಕೆತ್ತಿ ಮುಂದಕ್ಕೆ ಚೆಲ್ಲುತ್ತಿದೆ, ಆ ಗಾಳಿಯ ತೇವ ಹಿಮಕಣವಾಗಿ ಕಣ್ಣಿಗೆ ಬೀಳುತ್ತಿದೆ. ನೂರಾರು ಮೈಲಿ ದೂರದ ಸಮುದ್ರದ ಮೇಲೆ ಏನಾಗುತ್ತಿದೆಯೆಂಬುದರ ಒಂದು ತುಣುಕು ನೋಡುವವನ ನೆತ್ತಿಯ ಮೇಲೆಯೇ ಇದೆ.

ಎಷ್ಟು ಎತ್ತರದಲ್ಲಿ? ಈ ಪ್ರಶ್ನೆಗೆ ಉತ್ತರ ಸಿಗದೆ ಉಳಿದದ್ದೆಲ್ಲ ಊಹೆಯೇ. 1884 ಮತ್ತು 1885ರಲ್ಲಿ ಉಪ್ಸಾಲಾದ ಎಕ್‌ಹೋಮ್ ಮತ್ತು ಹಾಗ್‌ಸ್ಟ್ರೋಮ್ ಇದನ್ನು ಅಳೆದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೊದಲೇ ಅಳೆದಿಟ್ಟ ದೂರದ ಎರಡು ತುದಿಗಳಲ್ಲಿ ಇಬ್ಬರೂ ಥಿಯೊಡೊಲೈಟ್ ಎಂಬ ಕೋನ ಅಳೆಯುವ ದುರ್ಬೀನು ಹೂಡಿಕೊಂಡು ನಿಲ್ಲುತ್ತಿದ್ದರು. ನಡುವೆ ಟೆಲಿಫೋನ್ ತಂತಿ. ಆಗ ಟೆಲಿಫೋನ್ ಹುಟ್ಟಿ ಹತ್ತು ವರ್ಷವೂ ಆಗಿರಲಿಲ್ಲ. ಒಬ್ಬರು ಮೋಡದ ಯಾವ ಎಳೆ, ಅದರ ಯಾವ ತುದಿ ಎಂದು ಫೋನಿನಲ್ಲಿ ವಿವರಿಸಬೇಕು, ಇನ್ನೊಬ್ಬರು ಅದನ್ನೇ ಗುರುತಿಸಿ ದುರ್ಬೀನನ್ನು ಅದರ ಮೇಲೆ ನಿಲ್ಲಿಸಬೇಕು, ಇಬ್ಬರೂ ಒಂದೇ ಕ್ಷಣದಲ್ಲಿ ಕೋನ ಓದಿ ಬರೆದುಕೊಳ್ಳಬೇಕು. ಮೋಡ ಆಕಾರ ಬದಲಿಸುವ ಮುನ್ನ ಇದೆಲ್ಲ ಮುಗಿಯಬೇಕು. ತಪ್ಪಿದರೆ ಮತ್ತೆ ಮೊದಲಿನಿಂದ. ಹೀಗೆ ಕಲೆಹಾಕಿದ ಅಳತೆಗಳಿಂದ ಸಿರಸ್ ಸರಾಸರಿ ಒಂಬತ್ತು ಕಿಲೋಮೀಟರ್ ಆಸುಪಾಸಿನಲ್ಲಿದೆಯೆಂದು ತಿಳಿಯಿತು. ಕೆಲವು ನಿಮಿಷ ಬಿಟ್ಟು ಅದೇ ಎಳೆಯನ್ನು ಮತ್ತೆ ಅಳೆದರೆ ಅದರ ವೇಗವೂ ಗೊತ್ತಾಗುತ್ತಿತ್ತು. ಬಲೂನು ಹಾರಿಸದೆ, ಬೆಟ್ಟ ಹತ್ತದೆ, ಒಂಬತ್ತು ಕಿಲೋಮೀಟರ್ ಎತ್ತರದ ಗಾಳಿಯ ವೇಗ ಮನುಷ್ಯನಿಗೆ ದಕ್ಕಿದ್ದು ಈ ಕೆಲಸದಿಂದ. ರಾಲ್ಫ್ ಅಬರ್‌ಕ್ರಾಂಬಿ ಎಂಬ ಸ್ಕಾಟ್ ಮನುಷ್ಯ ಎರಡು ಸಲ ಭೂಮಿ ಸುತ್ತಿ ಬಂದು, ಮೋಡದ ಬಗೆಗಳು ಎಲ್ಲ ದೇಶಗಳಲ್ಲೂ ಒಂದೇ ಎಂದು ಸಾರಿದ್ದೂ ಈ ದಶಕದಲ್ಲೇ. 1896ರಲ್ಲಿ ‘ಅಂತರರಾಷ್ಟ್ರೀಯ ಮೋಡಗಳ ಅಟ್ಲಾಸ್’ ಬಣ್ಣದ ಚಿತ್ರಗಳೊಂದಿಗೆ ಮೂರು ಭಾಷೆಗಳಲ್ಲಿ ಹೊರಬಂತು. ಆ ವರ್ಷದ ಮೇ ತಿಂಗಳಿಂದ ಒಂದು ವರ್ಷ ಹಲವು ದೇಶಗಳು ಸೇರಿ ಒಂದೇ ಕ್ರಮದಲ್ಲಿ ಮೋಡಗಳನ್ನು ಅಳೆದವು.

ಇಷ್ಟು ಕೇಳಿದ ಮೇಲೆ, ಮೋಡದ ವಿದ್ಯೆ ಬೆಳೆಯುತ್ತಿದ್ದ ಆ ಕಾಲದಲ್ಲೇ ಅಮೆರಿಕದ ಅತ್ಯಂತ ಘೋರವಾದ ಹಿಮಬಿರುಗಾಳಿಗಳಲ್ಲೊಂದು ಯಾವ ಸಿರಸ್‌ನ ಸೂಚನೆಗೂ ಕಾಯದೆ ಬಂದೆರಗಿತಲ್ಲ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. 1888ರ ಜನವರಿ 12, ಗುರುವಾರ. ಡಕೋಟಾ, ನೆಬ್ರಾಸ್ಕಾಗಳ ಹುಲ್ಲುಬಯಲಿನಲ್ಲಿ ವಾರಗಟ್ಟಲೆ ಕೊರೆದ ಚಳಿ ಅಂದು ಬೆಳಗ್ಗೆ ಸಡಿಲಿಸಿತ್ತು. ಮಕ್ಕಳು ದಪ್ಪ ಕೋಟು ಬಿಟ್ಟು ಶಾಲೆಗೆ ಹೋದರು, ರೈತರು ದನಗಳನ್ನು ಬಯಲಿಗೆ ಹೊಡೆದರು. ಎಲ್ಲೋ ಮಧ್ಯಾಹ್ನಕ್ಕೆ ಮುಂಚೆ, ಎಲ್ಲೋ ಶಾಲೆ ಬಿಡುವ ಹೊತ್ತಿಗೆ, ವಾಯವ್ಯದಿಂದ ನೆಲಕ್ಕೆ ಅಂಟಿದಂಥ ಕಪ್ಪು ಗೋಡೆಯೊಂದು ಬಂತು. ಜರಡಿ ಹಿಡಿದ ಹಿಟ್ಟಿನಷ್ಟು ನುಣ್ಣಗಿನ ಹಿಮ ಕಣ್ಣು, ಮೂಗು, ರೆಪ್ಪೆಗೆಲ್ಲ ಮೆತ್ತಿಕೊಂಡಿತು. ಚಾಚಿದ ಕೈ ಕಾಣುತ್ತಿರಲಿಲ್ಲ. ಮನೆಗೂ ಕೊಟ್ಟಿಗೆಗೂ ನಡುವಿನ ಅಂಗಳದಲ್ಲೇ ದಾರಿ ತಪ್ಪಿ ಸತ್ತವರಿದ್ದಾರೆ. ನೆಬ್ರಾಸ್ಕಾದ ಮಿರಾ ಕಣಿವೆಯಲ್ಲಿ ಮಣ್ಣುಹೆಂಟೆಯ ಶಾಲೆಯ ಚಾವಣಿ ಹಾರಿಹೋದಾಗ ಹದಿಹರೆಯ ದಾಟಿರದ ಶಿಕ್ಷಕಿ ಮಿನ್ನೀ ಫ್ರೀಮನ್ ತನ್ನ ಶಾಲೆಯ ಮಕ್ಕಳನ್ನೆಲ್ಲ ದೂರದ ತೋಟದ ಮನೆಗೆ ಜೀವಂತ ಮುಟ್ಟಿಸಿದಳು. ದೇಶದ ಪತ್ರಿಕೆಗಳೆಲ್ಲ ಅವಳ ಹೆಸರು ಹೊಗಳಿ ಬರೆದವು. ಎಲ್ಲ ಶಾಲೆಗಳಿಗೂ ಆ ಅದೃಷ್ಟವಿರಲಿಲ್ಲ. ಸತ್ತವರು 235 ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಅಂದಾಜು, ಅವರಲ್ಲಿ ಅನೇಕರು ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳು.

ಮುನ್ನೆಚ್ಚರಿಕೆ ಇರಲಿಲ್ಲವೇ? ಇತ್ತು. 1870ರಿಂದ ಅಮೆರಿಕದ ಹವಾಮಾನ ಸೇವೆ ಸೇನೆಯ ಸಿಗ್ನಲ್ ಕೋರ್ ಕೈಯಲ್ಲಿತ್ತು. ಸೇಂಟ್ ಪಾಲ್ ನಗರದ ಅದರ ಕಚೇರಿಯಿಂದ ಲೆಫ್ಟಿನೆಂಟ್ ಥಾಮಸ್ ವುಡ್ರಫ್ ಅಂದೇ ನಸುಕಿಗೆ ಮುಂಚೆ ಸೂಚನೆ ಹೊರಡಿಸಿದ್ದರು: ಡಕೋಟಾ, ನೆಬ್ರಾಸ್ಕಾಗಳಿಗೆ ಆ ರಾತ್ರಿ ಮತ್ತು ಮರುದಿನ ಶೀತ ಅಲೆ, ಹಿಮ ಜೋರಾಗಿ ತೂರುತ್ತದೆ ಎಂದು. ಶೀತ ಅಲೆಗೆ ನಡುವೆ ಕಪ್ಪು ಚೌಕವಿರುವ ಬಿಳಿ ಬಾವುಟ ಏರಿಸುವ ಪದ್ಧತಿಯೂ ಇತ್ತು. ಆದರೆ ಬಾವುಟ ಕಾಣುವುದು ರೈಲು ಊರಿನವರಿಗೆ. ಹುಲ್ಲುಬಯಲಿನಲ್ಲಿ ಮೈಲಿಗೊಂದರಂತೆ ಚದುರಿದ್ದ ಮನೆಗಳಿಗೆ ತಂತಿಯೂ ಇಲ್ಲ, ಬಾವುಟವೂ ಇಲ್ಲ. ಅದಕ್ಕಿಂತ ದೊಡ್ಡ ಕೊರತೆ ಸೂಚನೆಯ ಒಳಗೇ ಇತ್ತು. ರಾತ್ರಿ ಎಂದು ಬರೆದದ್ದು ಮಧ್ಯಾಹ್ನವೇ ಬಂತು. ಒಂದು ದಿನದ ಅಂದಾಜಿನಲ್ಲಿ ಕೆಲವು ಗಂಟೆಗಳ ಈ ವ್ಯತ್ಯಾಸ ಕಚೇರಿಯ ಕಡತದಲ್ಲಿ ಚಿಕ್ಕದು, ಶಾಲೆ ಬಿಡುವ ಗಂಟೆಗೆ ಹೋಲಿಸಿದರೆ ಅದು ಸಾವು ಬದುಕಿನ ವ್ಯತ್ಯಾಸ. ಈ ಬಿರುಗಾಳಿ ಯಾಕೆ ಇಷ್ಟು ಥಟ್ಟನೆ ಬಂತು, ಅಟ್ಲಾಂಟಿಕ್‌ನ ಬಿರುಗಾಳಿಗಳಂತೆ ಮೇಲಿನ ಮೋಡಗಳನ್ನು ಗಂಟೆಗಟ್ಟಲೆ ಮೊದಲೇ ಕಳಿಸಿ ಯಾಕೆ ಬರಲಿಲ್ಲ ಎಂಬುದಕ್ಕೆ 1888ರಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಎರಡೇ ತಿಂಗಳಲ್ಲಿ, ಮಾರ್ಚ್ 11ರಿಂದ 14ರವರೆಗೆ, ನ್ಯೂಯಾರ್ಕ್ ಮತ್ತು ನ್ಯೂ ಇಂಗ್ಲೆಂಡನ್ನು ಇನ್ನೊಂದು ಹಿಮಬಿರುಗಾಳಿ ಹೂತುಹಾಕಿತು. ಅದು ಬಲಿತದ್ದು ಪೂರ್ವ ಕರಾವಳಿಯಾಚೆ, ಸಮುದ್ರದ ಮೇಲೆ. ನಾನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಇನ್ನೂರರಷ್ಟು ನ್ಯೂಯಾರ್ಕ್ ನಗರದಲ್ಲಿ. ಎಚ್ಚರಿಕೆಗೆ ಆಧಾರವಾದ ತಂತಿಗಳೇ ಕಂಬಗಳ ಸಮೇತ ಬೀದಿಗೆ ಬಿದ್ದವು. ಜಗತ್ತಿನ ಅತ್ಯಂತ ದಟ್ಟವಾದ ತಂತಿಜಾಲವಿದ್ದ ನಗರಗಳಲ್ಲೊಂದು ದಿನಗಟ್ಟಲೆ ಮೂಕವಾಯಿತು. ಹವಾಮಾನ ಸೇವೆಯನ್ನು ಸೇನೆಯಿಂದ ಬಿಡಿಸಿ ಕೃಷಿ ಇಲಾಖೆಗೆ ಕೊಡುವ ಕಾನೂನು 1890ರಲ್ಲಿ ಬಂತು. ಆಡಳಿತ ಬದಲಾಯಿತೇ ಹೊರತು ಬಿರುಗಾಳಿಯ ಬಗೆಗಿನ ತಿಳಿವಳಿಕೆ ಅಲ್ಲಿಗೇ ನಿಂತಿತ್ತು.

ಉತ್ತರ ಬಂದದ್ದು ನಾರ್ವೆಯ ಬೆರ್ಗೆನ್ನಿನಿಂದ, ಅದೂ ತಂತಿ ಕೈಕೊಟ್ಟ ಕಾಲದಲ್ಲಿ. ಈ ಇಡೀ ಚರಿತ್ರೆಯಲ್ಲಿ ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರವಿಲ್ಲ. ಮೊದಲ ಮಹಾಯುದ್ಧದಲ್ಲಿ ಹವಾಮಾನದ ಅಂಕಿಗಳು ಸೇನಾ ಗುಟ್ಟುಗಳಾದವು. ಬ್ರಿಟನ್ನಿನಿಂದ ಬರುತ್ತಿದ್ದ ವರದಿಗಳು ನಿಂತವು, ಸಮುದ್ರದ ಹಡಗುಗಳು ಸುಮ್ಮನಾದವು. ನಾರ್ವೆಗೆ ಹವೆ ಬರುವುದು ಪಶ್ಚಿಮದಿಂದಲೇ. ಆ ದಿಕ್ಕೇ ಕುರುಡಾಯಿತು. ಆಹಾರದ ಅಭಾವ ಬೇರೆ. ರೈತರಿಗೂ ಮೀನುಗಾರರಿಗೂ ಮುನ್ಸೂಚನೆ ಬೇಕೇ ಬೇಕಿತ್ತು. 1917ರಲ್ಲಿ ಲೈಪ್‌ಜಿಗ್ ಬಿಟ್ಟು ಬೆರ್ಗೆನ್ನಿಗೆ ಬಂದ ಭೌತವಿಜ್ಞಾನಿ ವಿಲ್ಹೆಲ್ಮ್ ಬ್ಯರ್ಕ್‌ನೆಸ್ ಮರುವರ್ಷದ ಬೇಸಿಗೆಯಲ್ಲಿ ಪಶ್ಚಿಮ ಕರಾವಳಿಯ ವೀಕ್ಷಣಾ ಠಾಣೆಗಳನ್ನು ಹತ್ತು ಪಟ್ಟಿನಷ್ಟು ಹೆಚ್ಚಿಸಿದರು. ದೀಪಸ್ತಂಭದ ಕಾವಲುಗಾರರು, ಮೀನುಗಾರರು, ಜಲಾಂತರ್ಗಾಮಿಗಳ ಮೇಲೆ ಕಣ್ಣಿಡಲು ನೇಮಕವಾದ ಕರಾವಳಿಯ ಕಾವಲಿನವರು ವೀಕ್ಷಕರಾದರು. ವಾಯುಭಾರ, ಉಷ್ಣತೆಗಳ ಜೊತೆಗೆ ಆಕಾಶದಲ್ಲಿ ಕಂಡದ್ದನ್ನೂ ಅವರು ವಿವರವಾಗಿ ಬರೆಯಬೇಕಿತ್ತು: ಯಾವ ಮೋಡ, ಯಾವ ಕಡೆಯಿಂದ, ದಪ್ಪವಾಗುತ್ತಿದೆಯೋ ತೆಳುವಾಗುತ್ತಿದೆಯೋ, ಸೂರ್ಯನ ಸುತ್ತ ಬಳೆ ಕಟ್ಟಿದೆಯೋ ಇಲ್ಲವೋ. ಮೇಲಿನ ಗಾಳಿಗೆ ಉಪಕರಣ ಕಳಿಸುವ ಸೌಕರ್ಯವಿಲ್ಲದ ಬೆರ್ಗೆನ್ ತಂಡದ ತರುಣರು ಮೋಡವನ್ನೇ ಮೇಲಿನ ಗಾಳಿಯ ಉಪಕರಣವಾಗಿ ಬಳಸಿಕೊಂಡರು.

1919ರಲ್ಲಿ ವಿಲ್ಹೆಲ್ಮ್ ಅವರ ಮಗ ಯಾಕೊಬ್ ಬ್ಯರ್ಕ್‌ನೆಸ್, ಇಪ್ಪತ್ತೆರಡು ತುಂಬುವ ಮುನ್ನವೇ, ಚಲಿಸುವ ಬಿರುಗಾಳಿಗಳ ರಚನೆಯ ಬಗ್ಗೆ ಕೆಲವೇ ಪುಟಗಳ ಪ್ರಬಂಧ ಬರೆದರು. ಅದರ ಸಾರ ಇಷ್ಟು: ಬಿರುಗಾಳಿಯೆಂದರೆ ಬಿಸಿ ಗಾಳಿಯೂ ತಣ್ಣನೆಯ ಗಾಳಿಯೂ ಕಾದಾಡುವ ಗಡಿ, ಆ ಗಡಿ ನೆಲದಿಂದ ಓರೆಯಾಗಿ ಮೇಲಕ್ಕೆ ಏರಿದೆ. ಬಿರುಗಾಳಿಯ ಮುಂಭಾಗದಲ್ಲಿ ಹಗುರವಾದ ಬಿಸಿ ಗಾಳಿ ತಣ್ಣನೆಯ ಗಾಳಿಯ ಬೆನ್ನೇರಿ ಮುಂದಕ್ಕೆ ಹತ್ತುತ್ತದೆ. ಈ ಏರು ತೀರ ಸೌಮ್ಯ, ಸುಮಾರು ನೂರು ಕಿಲೋಮೀಟರಿಗೆ ಒಂದು ಕಿಲೋಮೀಟರ್, ಕೆಲವು ಸಲ ಅದಕ್ಕೂ ಕಡಿಮೆ. ಹಾಗಿದ್ದರೆ ಒಂಬತ್ತು ಕಿಲೋಮೀಟರ್ ಎತ್ತರದ ಸಿರಸ್ ನೆಲದ ಮೇಲಿನ ಗಡಿಗಿಂತ ಒಂಬೈನೂರು ಕಿಲೋಮೀಟರ್ ಮುಂದಿರುತ್ತದೆ. ಬಿರುಗಾಳಿ ಗಂಟೆಗೆ ನಲವತ್ತು ಕಿಲೋಮೀಟರ್ ಸಾಗುತ್ತಿದ್ದರೆ ಇಪ್ಪತ್ತೆರಡು ಗಂಟೆಗಳ ಮುನ್ಸೂಚನೆ ಕೈಗೆ ಸಿಕ್ಕಂತಾಯಿತು. ಮೊದಲು ಎಳೆಗಳು, ಆಮೇಲೆ ಸೂರ್ಯನ ಸುತ್ತ ಬಳೆ ಕಟ್ಟುವ ತೆಳು ಪರದೆ, ಆಮೇಲೆ ಸೂರ್ಯ ಮಸುಕಾಗುವ ಬೂದು ಹಾಳೆ, ಕೊನೆಗೆ ಹಿಮ ಸುರಿಯುವ ತಗ್ಗಿನ ಮೋಡ: ನಾವಿಕರಿಗೆ ಅನುಭವದಿಂದ ಗೊತ್ತಿದ್ದ ಈ ಸಾಲು ಈಗ ರೇಖಾಗಣಿತವಾಯಿತು. ಬಿರುಗಾಳಿಯ ಹಿಂಭಾಗದಲ್ಲಿ ಇದು ತಿರುವುಮುರುವು. ಅಲ್ಲಿ ಭಾರದ ತಣ್ಣನೆಯ ಗಾಳಿ ಬಿಸಿ ಗಾಳಿಯ ಬುಡಕ್ಕೆ ನುಗ್ಗುತ್ತದೆ. ಗಡಿ ಹೆಚ್ಚು ಕಡಿದು, ಅದಕ್ಕಿಂತ ಮುಖ್ಯವಾಗಿ ಹಿಂದಕ್ಕೆ ವಾಲಿರುತ್ತದೆ. ಗಡಿಯ ಮೇಲಿನ ಎತ್ತರದ ಭಾಗ ನೆಲದ ಭಾಗಕ್ಕಿಂತ ಹಿಂದೆ ಬರುವುದರಿಂದ ಮುಂಚಿತವಾಗಿ ಸಾರುವ ಮೋಡ ಅಲ್ಲಿಲ್ಲ.

1888ರ ಜನವರಿಯ ಪ್ರಶ್ನೆಗೆ ಉತ್ತರ ಇದೇ. ಡಕೋಟಾದ ಮಕ್ಕಳ ಮೇಲೆ ಎರಗಿದ್ದು ತಣ್ಣನೆಯ ಗಾಳಿಯ ಗಡಿ. ಬೆಳಗಿನ ಆ ಬೆಚ್ಚಗಿನ ಹವೆ ಅದಕ್ಕೆ ಮುನ್ನ ನುಗ್ಗಿ ಬಂದ ಬಿಸಿ ಗಾಳಿಯ ಪಟ್ಟಿ. ಆಕ್ಷೇಪವಾಗಿ ಎತ್ತಿದ ಘಟನೆ ಹೀಗೆ ವಾದದ ಭಾಗವೇ ಆಗುತ್ತದೆ: ಎತ್ತರದ ಮೋಡವನ್ನು ಅರಿಯುವುದೆಂದರೆ ಅದು ಏನು ಹೇಳುತ್ತದೆಂದು ಅರಿಯುವುದರ ಜೊತೆಗೆ ಯಾವಾಗ ಏನೂ ಹೇಳುವುದಿಲ್ಲವೆಂದೂ ಅರಿಯುವುದು. ಚಳಿಗಾಲದ ನಡುವೆ ಅಕಾಲದ ಬೆಚ್ಚಗಿನ ಬೆಳಗು, ತೆಂಕಣ ಗಾಳಿ, ಕುಸಿಯುತ್ತಿರುವ ವಾಯುಭಾರ ಇವು ಮೂರೂ ಒಟ್ಟಿಗೆ ಬಂದರೆ ನಿರಾಳವಾಗುವ ಬದಲು ಹೆಚ್ಚು ಎಚ್ಚರವಾಗಿರಬೇಕು ಎಂಬುದನ್ನು ಬೆರ್ಗೆನ್ ಕಲಿಸಿತು. ಇನ್ನೊಂದು ಆಕ್ಷೇಪ ಹೆಚ್ಚು ಸಾಮಾನ್ಯವಾದದ್ದು: ಸಿರಸ್ ಕಂಡ ದಿನಗಳಲ್ಲಿ ಬಹುಪಾಲು ಏನೂ ಆಗುವುದಿಲ್ಲ, ಹಾಗಾದರೆ ಅದು ಎಂಥ ಸಾಕ್ಷಿ? ಸಿರಸ್ ಒಂದನ್ನೇ ನಂಬಿ ಬಂದರು ಮುಚ್ಚಿದರೆ ವಾರಕ್ಕೆರಡು ಸಲ ಮುಚ್ಚಬೇಕಾದೀತು, ನಿಜ. ಸಾಕ್ಷಿಯ ಬಲವಿರುವುದು ಒಂದು ಮೋಡದಲ್ಲಲ್ಲ, ಮೋಡಗಳ ಸರದಿಯಲ್ಲಿ, ಮೇಲಿನ ಮೋಡದ ಓಟಕ್ಕೂ ಕೆಳಗಿನ ಗಾಳಿಯ ದಿಕ್ಕಿಗೂ ಇರುವ ಅಡ್ಡತನದಲ್ಲಿ, ಅದು ದಪ್ಪವಾಗುವ ವೇಗದಲ್ಲಿ. ಚದುರಿದ ಎಳೆಗಳು ಸಂಜೆಗೆ ಕರಗಿಹೋದರೆ ಅದೂ ಒಂದು ಸುದ್ದಿಯೇ.

ಮೇಲಿನ ಗಾಳಿ ಬಿರುಗಾಳಿಯ ಹಿಂಬಾಲಕನಲ್ಲ, ಅದರ ಸಾರಥಿ ಎಂಬುದು ಖಚಿತವಾದದ್ದು ಇನ್ನೂ ತಡವಾಗಿ. ಚಳಿಗಾಲದಲ್ಲಿ ಎತ್ತರದ ಮೋಡಗಳು ಬೇಸಿಗೆಗಿಂತ ಎಷ್ಟೋ ವೇಗವಾಗಿ ಓಡುವುದನ್ನು ಮೋಡ ಅಳೆದವರು ಹತ್ತೊಂಬತ್ತನೆಯ ಶತಮಾನದಲ್ಲೇ ದಾಖಲಿಸಿದ್ದರು. 1920ರ ದಶಕದಲ್ಲಿ ಜಪಾನಿನ ತಾತೆನೊ ವೀಕ್ಷಣಾಲಯದ ಓಇಶಿ ವಾಸಬುರೊ ಬಲೂನುಗಳನ್ನು ಬಿಟ್ಟು ಆ ಎತ್ತರದ ಗಾಳಿಹೊಳೆಯನ್ನು ಅಳೆದರು. ಜಗತ್ತಿಗೆಲ್ಲ ತಿಳಿಯಲಿ ಎಂದು ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಅಚ್ಚು ಹಾಕಿಸಿದರು. ಓದಿದವರು ಬೆರಳೆಣಿಕೆಯಷ್ಟು ಜನ. 1944ರಲ್ಲಿ ಜಪಾನಿನ ಮೇಲೆ ಬಾಂಬು ಹಾಕಲು ಹೋದ ಅಮೆರಿಕದ ವಿಮಾನಗಳು ಅದೇ ಹೊಳೆಗೆ ಸಿಕ್ಕಿ ಗುರಿ ತಪ್ಪಿದಾಗ ಅದು ಎಲ್ಲರ ಗಮನಕ್ಕೆ ಬಂತು. ಯುದ್ಧ ಮುಗಿದ ಮೇಲೆ ಷಿಕಾಗೋದಲ್ಲಿ ಹವಾಮಾನ ವಿಜ್ಞಾನಿ ರಾಸ್‌ಬಿ ಮತ್ತು ಜೊತೆಗಾರರು ಈ ಗಾಳಿಹೊಳೆಯ, ಅಂದರೆ ಜೆಟ್ ಸ್ಟ್ರೀಮಿನ, ವಿವರ ಕಟ್ಟಿದರು. ಉದ್ದಕ್ಕೆ ಎಳೆದ ಸಿರಸ್‌ನ ಗೆರೆಗಳು ಅನೇಕ ಸಲ ಆ ಹೊಳೆಯ ದಂಡೆಯ ಗುರುತು. ಮೇಲೊಂದು ಕೆಳಗೊಂದು ಗಾಳಿ ಹರಿಯುವುದನ್ನು ಕನ್ನಡನಾಡಿನಲ್ಲೂ ನೋಡಬಹುದು. ಮಳೆಗಾಲದಲ್ಲಿ ಬೆಂಗಳೂರಿನ ಮೇಲೆ ತಗ್ಗಿನ ಮೋಡಗಳು ಪಶ್ಚಿಮದಿಂದ ಪೂರ್ವಕ್ಕೆ ಓಡುತ್ತಿರುವಾಗ, ಅವುಗಳ ಸಂದಿಯಲ್ಲಿ ಕಾಣುವ ತೀರ ಎತ್ತರದ ತೆಳು ಮೋಡ ಪೂರ್ವದಿಂದ ಪಶ್ಚಿಮಕ್ಕೆ ಹೊರಟಿರುತ್ತದೆ. ಆ ಪೂರ್ವದ ಜೆಟ್ ಸ್ಟ್ರೀಮನ್ನು 1958ರಲ್ಲಿ ವಿವರಿಸಿದವರು ನಮ್ಮ ಹವಾಮಾನ ಇಲಾಖೆಯ ಪಿ. ಕೋಟೇಶ್ವರಂ. ಅದಕ್ಕೂ ಹಿಮಬಿರುಗಾಳಿಗೂ ಸಂಬಂಧವಿಲ್ಲ, ತತ್ತ್ವ ಮಾತ್ರ ಒಂದೇ.

ಈ ತಿಳಿವಳಿಕೆ ಎಷ್ಟು ಫಲ ಕೊಟ್ಟಿತು ಎಂಬುದಕ್ಕೆ 1993ರ ಮಾರ್ಚಿನ ಅಮೆರಿಕದ ಬಿರುಗಾಳಿಯನ್ನು 1888ರ ಮಾರ್ಚಿನದರ ಪಕ್ಕದಲ್ಲಿಡಬಹುದು. ಎರಡೂ ಪೂರ್ವ ಕರಾವಳಿಯನ್ನು ಹೂತುಹಾಕಿದವು. 1993ರದು ಅಲಬಾಮಾದಿಂದ ಮೇನ್‌ವರೆಗೆ ಹಿಮ ಸುರಿಸಿತು. ಆದರೆ ಈ ಸಲ ಐದು ದಿನ ಮೊದಲೇ ಅದರ ಸುಳಿವು ಕೊಡಲಾಗಿತ್ತು, ಹಿಮ ಬೀಳುವ ಮುನ್ನವೇ ಕೆಲವು ರಾಜ್ಯಗಳಲ್ಲಿ ತುರ್ತುಸ್ಥಿತಿ ಘೋಷಣೆಯಾಗಿತ್ತು. ಹಾಗಿದ್ದೂ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಫ್ಲಾರಿಡಾದ ಕರಾವಳಿಗೆ ನುಗ್ಗಿದ ಸಮುದ್ರದ ನೀರಿನ ಬಗ್ಗೆ ಸಾಕಷ್ಟು ಎಚ್ಚರಿಕೆ ಇರಲಿಲ್ಲ. ಇನ್ನು ಎಚ್ಚರಿಕೆ ಇದ್ದೂ ಬೇಕಾದವರಿಗೆ ಮುಟ್ಟದಿದ್ದರೆ ಏನಾಗುತ್ತದೆಂಬುದು ನಮ್ಮ ನೆರೆಯಲ್ಲೇ ನಡೆದುಹೋಗಿದೆ. 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. ಹವಾಮಾನ ಇಲಾಖೆ ದಿನಗಳ ಮೊದಲೇ ಹೇಳಿತ್ತು, ಲಕ್ಷಾಂತರ ಜನರನ್ನು ಸ್ಥಳಾಂತರಿಸಲಾಗಿತ್ತು. ಅದರ ಉಳಿಕೆ ಬಡಗಣಕ್ಕೆ ಸರಿದು ಹಿಮಾಲಯದ ಮೇಲಿ‌ನ ಪಶ್ಚಿಮದ ಗಾಳಿಯೊಂದಿಗೆ ಕೂಡಿಕೊಂಡು 14ರಂದು ನೇಪಾಳದ ಅನ್ನಪೂರ್ಣ ಸುತ್ತಿನಲ್ಲಿ ಹಿಮವಾಗಿ ಸುರಿಯಿತು. 5,416 ಮೀಟರ್ ಎತ್ತರದ ಥೋರಾಂಗ್ ಲಾ ಕಣಿವೆದಾರಿಯಲ್ಲಿ ಚಾರಣಿಗರು, ಹೊರೆ ಹೊರುವವರು, ದಾರಿ ತೋರುವವರು ಸಿಕ್ಕಿಬಿದ್ದರು. ಆ ಪ್ರದೇಶದಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ವಿಶಾಖಪಟ್ಟಣದ ಬೀದಿಬೀದಿಗೆ ಮುಟ್ಟಿದ ಎಚ್ಚರಿಕೆ ಆ ದಾರಿಯವರನ್ನು ಮುಟ್ಟಿರಲಿಲ್ಲ. ಅಂಥ ಕಡೆ ಇರುವವನಿಗೆ ಮೋಡ ಓದುವ ವಿದ್ಯೆ ಹವ್ಯಾಸದ ಮಾತಲ್ಲ.

ಉಪಗ್ರಹ ಬಂದ ಮೇಲೆ ಮೋಡದ ವಿದ್ಯೆಗೆ ವಿಜ್ಞಾನದಲ್ಲಿ ಕೆಲಸವಿಲ್ಲ ಎನ್ನುವವರಿಗೆ ಹೇಳಬೇಕಾದ ಒಂದು ಮಾತು ಉಳಿದಿದೆ. 1960ರ ಏಪ್ರಿಲ್ 1ರಂದು ಹಾರಿದ ಟೈರೋಸ್-1 ಕಳಿಸಿದ್ದು ಮೋಡದ ಚಿತ್ರಗಳನ್ನೇ. 1966ರ ಕೊನೆಯಲ್ಲಿ ಎಟಿಎಸ್-1 ಉಪಗ್ರಹ ಭೂಮಿಯ ಒಂದೇ ಭಾಗವನ್ನು ಮತ್ತೆ ಮತ್ತೆ ತೆಗೆದ ಚಿತ್ರಗಳನ್ನು ಸಾಲಾಗಿ ಜೋಡಿಸಿದಾಗ ಮೋಡದ ಓಟದಿಂದ ಗಾಳಿಯ ವೇಗ ಕಂಡುಹಿಡಿಯುವುದು ಸಾಧ್ಯವಾಯಿತು. ಇಂದಿಗೂ ಸಾಗರಗಳ ಮೇಲಿನ ಎತ್ತರದ ಗಾಳಿಯ ಅಂಕಿಗಳನ್ನು ಮುನ್ಸೂಚನೆಯ ಕಂಪ್ಯೂಟರುಗಳು ಪಡೆಯುವ ಮುಖ್ಯ ದಾರಿಗಳಲ್ಲಿ ಇದೂ ಒಂದು. ಬೆಂಗಳೂರಿನಲ್ಲಿ ರೂಪುಗೊಂಡ, ಹಾಸನದ ನಿಯಂತ್ರಣ ಕೇಂದ್ರದಿಂದ ನಡೆಯುವ ಇನ್ಸಾಟ್-3ಡಿ ಸಾಲಿನ ಉಪಗ್ರಹಗಳೂ ಇದೇ ಕೆಲಸ ಮಾಡುತ್ತವೆ: ಅರ್ಧ ಗಂಟೆಗೊಂದರಂತೆ ಚಿತ್ರ, ಚಿತ್ರದಿಂದ ಚಿತ್ರಕ್ಕೆ ಸರಿದ ಮೋಡ, ಅದರಿಂದ ಗಾಳಿ. ಚಳಿಗಾಲದಲ್ಲಿ ಕಾಶ್ಮೀರ, ಲಡಾಖ್, ಹಿಮಾಚಲಗಳಿಗೆ ಹಿಮ ತರುವ ವೆಸ್ಟರ್ನ್ ಡಿಸ್ಟರ್ಬೆನ್ಸ್‌ಗಳು ಇರಾನ್, ಅಫ್ಘಾನಿಸ್ತಾನಗಳ ಮೇಲೆ ಬರುತ್ತಿರುವಾಗಲೇ ಅವುಗಳ ಮುಂದಿನ ಸಿರಸ್ ಹಾಳೆಯನ್ನು ಈ ಉಪಗ್ರಹಗಳು ಹಿಂಬಾಲಿಸುತ್ತವೆ. ಈ ವಿಧಾನದ ದೊಡ್ಡ ತೊಡಕು ವೇಗ ಅಳೆಯುವುದರಲ್ಲಿಲ್ಲ. ಸರಿದ ಮೋಡ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಗೊತ್ತುಮಾಡುವುದರಲ್ಲಿ ತಪ್ಪಾದರೆ ಆ ಗಾಳಿಯನ್ನು ಕಂಪ್ಯೂಟರ್ ತಪ್ಪು ಪದರಕ್ಕೆ ಸೇರಿಸುತ್ತದೆ. ತೆಳುವಾದ ಸಿರಸ್‌ನಲ್ಲಿ ಈ ತಪ್ಪು ಎಲ್ಲಕ್ಕಿಂತ ಹೆಚ್ಚು, ಏಕೆಂದರೆ ಕೆಳಗಿನ ನೆಲದ ಶಾಖವೂ ಅದರ ಮೂಲಕ ಹಾದು ಉಪಗ್ರಹವನ್ನು ಮುಟ್ಟಿ ಮೋಡ ಇರುವುದಕ್ಕಿಂತ ತಗ್ಗಿನಲ್ಲಿದೆಯೆಂಬ ಭ್ರಮೆ ಹುಟ್ಟಿಸುತ್ತದೆ. ಎಕ್‌ಹೋಮ್ ಮತ್ತು ಹಾಗ್‌ಸ್ಟ್ರೋಮ್ ಟೆಲಿಫೋನ್ ಹಿಡಿದು ಬಿಡಿಸಲು ಹೊರಟ ಪ್ರಶ್ನೆಯ ಮೇಲೆ ಹವಾಮಾನ ಕೇಂದ್ರಗಳಲ್ಲಿ ಈಗಲೂ ಕೆಲಸ ನಡೆದಿದೆ.